ಎಸ್‌ಎಸ್‌ಡಿ ಹೆಲ್ತ್ 81ಕ್ಕೆ ಇಳಿದಿದೆ, ಈಗಲೇ ಬದಲಾಯಿಸಬೇಕಾ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಚಿಕ್ಕ ಫೋಟೋ ಸ್ಟುಡಿಯೋ ಇದೆ, ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುತ್ತೇನೆ. ಎರಡು ವರ್ಷ ಎರಡು ತಿಂಗಳ ಹಿಂದೆ ಕಂಪ್ಯೂಟರ್‌ಗೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಮದರ್‌ಬೋರ್ಡ್‌ಗೇ ಕೂರುವ ವೇಗದ ನಮೂನೆಯದು) ಹಾಕಿಸಿದೆ. ಮೊನ್ನೆ ಡಿಸ್ಕ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಹೆಲ್ತ್ 81% ಅಂತ ಬಂತು. ಕಳೆದ ವರ್ಷ 90 ಇತ್ತು. ಅಂಗಡಿಯವರನ್ನು ಕೇಳಿದರೆ, 80ಕ್ಕಿಂತ ಕೆಳಗೆ ಹೋದರೆ ಯಾವ ಕ್ಷಣದಲ್ಲಾದರೂ ಕೈಕೊಡುತ್ತದೆ, ಈಗಲೇ ಹೊಸದು ಹಾಕಿಸಿ ಅಂದರು. ಇನ್ನೊಂದು ಗೊಂದಲ. ಕೆಳಗಿನ ಪಟ್ಟಿಯಲ್ಲಿ ಪರ್ಸೆಂಟೇಜ್ ಯೂಸ್ಡ್ ಎದುರು 13 ಅಂತಿದೆ. 81ಕ್ಕೆ 13 ಕೂಡಿಸಿದರೆ 94, ಉಳಿದ ಆರು ಎಲ್ಲಿ ಹೋಯಿತು? ಅನ್‌ಸೇಫ್ ಶಟ್‌ಡೌನ್ಸ್ ಎದುರು ‘ಡಿ4’ ಅಂತಿದೆ, ಅದೇನು? ದೊಡ್ಡ ಫೈಲ್ ಕಾಪಿ ಮಾಡುವಾಗ ಶುರುವಿನಲ್ಲಿ ಜೋರಾಗಿ ಓಡುತ್ತದೆ, ಆಮೇಲೆ ತೆವಳುತ್ತದೆ. ಡಿಸ್ಕ್‌ನಲ್ಲಿ ಯಾವಾಗಲೂ 15–20 ಜಿಬಿ ಅಷ್ಟೇ ಖಾಲಿ ಇರುತ್ತದೆ. ಗೆಳೆಯನೊಬ್ಬ ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ) ಆಫ್ ಮಾಡು ಅಂತಾನೆ. ಹಳೇ 240 ಜಿಬಿ ಎಸ್‌ಎಸ್‌ಡಿಯಲ್ಲಿ ಹಿಂದಿನ ಮದುವೆಗಳ ಫೈಲ್ ತುಂಬಿ ಎರಡು ವರ್ಷದಿಂದ ಬೀರುವಿನಲ್ಲಿ ಇಟ್ಟಿದ್ದೇನೆ, ಅದರ ಗತಿ ಏನು? ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ಕಳೆದುಹೋದ ಆರು ಪರ್ಸೆಂಟನ್ನು ಮೊದಲು ಹುಡುಕಿಬಿಡೋಣ. ಅದು ಎಲ್ಲೂ ಹೋಗಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕೆಳಗಿನ ಪಟ್ಟಿಯ ಅಂಕಿಗಳನ್ನು ನಾವು ಎಣಿಸುವ ಹತ್ತರ ಲೆಕ್ಕದಲ್ಲಿ ತೋರಿಸುವುದಿಲ್ಲ, ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಹಳೇ ಕಾಲದ ರೂಪಾಯಿ ಆಣೆ ಕೇಳಿದ್ದೀರಲ್ಲ, ರೂಪಾಯಿಗೆ ಹದಿನಾರಾಣೆ. 13 ಅಂದರೆ ಒಂದು ರೂಪಾಯಿ ಮೂರಾಣೆ, ಒಟ್ಟು ಹತ್ತೊಂಬತ್ತು ಆಣೆ. ಅಂದರೆ ನಿಮ್ಮ ಪರ್ಸೆಂಟೇಜ್ ಯೂಸ್ಡ್ 19. ಅದಕ್ಕೆ 81 ಕೂಡಿಸಿ, ನೂರಕ್ಕೆ ಸರಿಹೋಯಿತು. ಈ ಲೆಕ್ಕದಲ್ಲಿ ಹತ್ತರಿಂದ ಹದಿನೈದರವರೆಗೆ ಎ, ಬಿ, ಸಿ, ಡಿ, ಇ, ಎಫ್ ಅಂತ ಅಕ್ಷರ ಹಾಕುತ್ತಾರೆ. ಡಿ ಅಂದರೆ ಹದಿಮೂರು. ಹಾಗಾಗಿ ಡಿ4 ಅಂದರೆ ಹದಿಮೂರು ರೂಪಾಯಿ ನಾಲ್ಕಾಣೆ, ಅಂದರೆ 212. ಈ ಅಂಕಿ ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲೇ, 81ರ ಮೇಲೆ ಅಲ್ಲ.

ಅವೈಲಬಲ್ ಸ್ಪೇರ್, ಅಂದರೆ ಉಳಿದಿರುವ ಮೀಸಲು ಜಾಗ, ಅದರ ಎದುರು 64 ಅಂತಿರುವುದನ್ನೂ ನೋಡಿ ಗಾಬರಿ ಆಗಬೇಡಿ. ಆರು ರೂಪಾಯಿ ನಾಲ್ಕಾಣೆ, ಅಂದರೆ ಪೂರ್ತಿ ನೂರು. ಈ ತಲೆನೋವೇ ಬೇಡ ಅಂದರೆ ಮೇಲಿನ ಮೆನುವಿನಲ್ಲಿ ಫಂಕ್ಷನ್, ಅಡ್ವಾನ್ಸ್‌ಡ್ ಫೀಚರ್, ರಾ ವ್ಯಾಲ್ಯೂಸ್ ಅಂತ ಹೋಗಿ 10 ಅಂತ ಇರುವುದನ್ನು ಆರಿಸಿ. ಎಲ್ಲ ನಮ್ಮ ಲೆಕ್ಕಕ್ಕೆ ಬರುತ್ತದೆ.

ಇನ್ನು ಅಂಗಡಿಯವರ 80ರ ಮಾತು. 80 ಅನ್ನುವ ಗೆರೆ ಯಾವ ನಿಯಮದಲ್ಲೂ ಇಲ್ಲ. ಹೆಲ್ತ್ ಅನ್ನುವ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಎನ್‌ವಿಎಂಇ ಡ್ರೈವ್ ಹೇಳುವುದು ಒಂದೇ ಮಾತು: ತಯಾರಕರು ಅಂದಾಜು ಮಾಡಿದ ಬರವಣಿಗೆಯ ಆಯುಸ್ಸಿನಲ್ಲಿ ಇಷ್ಟು ಪಾಲು ಖರ್ಚಾಗಿದೆ ಅಂತ. ಅದನ್ನು ನೂರರಿಂದ ಕಳೆದು ಈ ಸಾಫ್ಟ್‌ವೇರ್ ಹೆಲ್ತ್ ಅಂತ ಬೋರ್ಡು ಹಾಕುತ್ತದೆ, ಅಷ್ಟೇ. ಆ ಖರ್ಚಿನ ಲೆಕ್ಕ ನೂರು ಮುಟ್ಟಿದ ಕೂಡಲೇ ಡ್ರೈವ್ ಸಾಯಬೇಕು ಅಂತಲೂ ಇಲ್ಲ. ನೂರು ದಾಟಿ 255ರವರೆಗೂ ಎಣಿಸಲು ನಿಯಮದಲ್ಲೇ ಜಾಗ ಇದೆ. ನಮ್ಮ ರಿಪೇರಿ ಬೆಂಚಿಗೆ ಒಮ್ಮೆ ಸಿಸಿಟಿವಿ ರೆಕಾರ್ಡಿಂಗ್ ಮಾಡುತ್ತಿದ್ದ ಕಂಪ್ಯೂಟರ್ ಬಂದಿತ್ತು. ಬಂದದ್ದು ಫ್ಯಾನ್ ಸದ್ದಿಗೆ. ಸುಮ್ನೆ ಕುತೂಹಲಕ್ಕೆ ಡ್ರೈವ್ ನೋಡಿದರೆ ಖರ್ಚು 130 ದಾಟಿತ್ತು, ಹೆಲ್ತ್ ಸೊನ್ನೆ. ಒಂದೂ ಎರರ್ ಇಲ್ಲದೆ ಓಡುತ್ತಿತ್ತು. ಹಾಗಂತ ಅದನ್ನು ನಂಬಿ ಅಂತ ನಾನು ಹೇಳಲಿಲ್ಲ, ಬದಲಾಯಿಸಿಯೇ ಕಳಿಸಿದೆ. ಅದರ ಪಕ್ಕದ ಡಬ್ಬದಲ್ಲೇ ಆ ವಾರ ಬಂದ ಇನ್ನೊಂದು ಡ್ರೈವ್ ಇತ್ತು. ಎಂಟು ತಿಂಗಳ ಹಳೇದು, ಹಿಂದಿನ ದಿನದವರೆಗೂ ಹೆಲ್ತ್ 98. ರಾತ್ರಿ ಗುಡುಗು ಸಿಡಿಲು ಆಗಿ ಕರೆಂಟ್ ಹೋಗಿ ಬಂದು ಮಾಡಿದೆ, ಬೆಳಿಗ್ಗೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಯಲ್ಲಿ, ಡ್ರೈವ್ ಹೆಸರೇ ಇಲ್ಲ.

ಇದರ ಉಲ್ಟಾ ಗಾಬರಿಯೂ ನೋಡಿದ್ದೇನೆ. ಒಬ್ಬರು ಪರ್ಸೆಂಟೇಜ್ ಯೂಸ್ಡ್ ಎದುರು 3 ಅಂತ ಕಂಡು, ಅಯ್ಯೋ ಮೂರೇ ಪರ್ಸೆಂಟ್ ಉಳಿದಿದೆ ಅಂತ ಹೊಸ ಡ್ರೈವ್ ಕೊಂಡುಕೊಂಡೇ ಅಂಗಡಿಗೆ ಬಂದಿದ್ದರು. ಮೂರು ಖರ್ಚಾಗಿತ್ತು, 97 ಉಳಿದಿತ್ತು. ಈಗ ಅವರ ಹತ್ತಿರ ಎರಡು ಒಳ್ಳೆಯ ಡ್ರೈವ್ ಇವೆ.

ನಿಮ್ಮ ಡ್ರೈವಿನ ಲೆಕ್ಕ ಮಾಡೋಣ. ಟೋಟಲ್ ಹೋಸ್ಟ್ ರೈಟ್ಸ್, ಅಂದರೆ ಕಂಪ್ಯೂಟರ್ ಇದುವರೆಗೆ ಡ್ರೈವಿಗೆ ಬರೆದದ್ದು, ಸುಮಾರು 54,000 ಜಿಬಿ, ಅಂದರೆ 54 ಟಿಬಿ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ನಿಮ್ಮ ಮಾಡೆಲ್‌ಗೆ ತಯಾರಕರು ಕೊಟ್ಟ ಬರವಣಿಗೆಯ ಮಿತಿ 300 ಟಿಬಿ. ಇದನ್ನೇ ಡಬ್ಬದ ಮೇಲೆ ಟಿಬಿಡಬ್ಲ್ಯೂ ಅಂತ ಬರೆಯುತ್ತಾರೆ. 300ರಲ್ಲಿ 54 ಅಂದರೆ 18 ಪರ್ಸೆಂಟ್. ಡ್ರೈವ್ ಹೇಳುತ್ತಿರುವುದು 19. ಎರಡೂ ತಾಳೆ ಆಗುತ್ತಿವೆ, ಅಂದರೆ ಒಳಗೆ ವಿಚಿತ್ರವಾದದ್ದೇನೂ ನಡೆಯುತ್ತಿಲ್ಲ. 26 ತಿಂಗಳಿಗೆ 54 ಟಿಬಿ, ತಿಂಗಳಿಗೆ ಎರಡು ಟಿಬಿ ಚಿಲ್ಲರೆ, ದಿನಕ್ಕೆ 68 ಜಿಬಿ ಆಸುಪಾಸು. ವಿಡಿಯೋ ಕೆಲಸಕ್ಕೆ ಇದೇನು ಜಾಸ್ತಿ ಅಲ್ಲ. 19 ಪರ್ಸೆಂಟ್ ಖರ್ಚಾಗಲು 26 ತಿಂಗಳು ಬೇಕಾಯಿತು. ಇದೇ ವೇಗದಲ್ಲಿ ಹೋದರೆ ಉಳಿದ 81 ಮುಗಿಯಲು ಒಂಬತ್ತು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ನೀವು ಕಂಪ್ಯೂಟರನ್ನೇ ಬದಲಾಯಿಸಿರುತ್ತೀರಿ. ಕಳೆದ ವರ್ಷ 90 ಇದ್ದದ್ದು ಈಗ 81 ಆಗಿದೆ ಅಂದಿರಿ. ವರ್ಷಕ್ಕೆ ಒಂಬತ್ತು, ಇದೇ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ವಾರಂಟಿ ಮಾತ್ರ ಐದು ವರ್ಷ ಅಥವಾ 300 ಟಿಬಿ, ಯಾವುದು ಮೊದಲು ಬರುತ್ತದೋ ಅದಕ್ಕೆ ಮುಗಿಯುತ್ತದೆ. ನಿಮಗೆ ಮೊದಲು ಬರುವುದು ಐದು ವರ್ಷ.

ಸವೆತ ಅಂದರೆ ನಿಜಕ್ಕೂ ಏನಾಗುತ್ತದೆ ಅಂತ ಹೇಳದೆ ಹೋದರೆ ಉಳಿದದ್ದು ಅರ್ಥ ಆಗುವುದಿಲ್ಲ. ಎಸ್‌ಎಸ್‌ಡಿ ಒಳಗಿನ ಒಂದೊಂದು ಕೋಶವನ್ನೂ ಒಂದು ಪುಟ್ಟ ಲೋಟ ಅಂದುಕೊಳ್ಳಿ. ನೀರಿನ ಬದಲು ವಿದ್ಯುತ್ ತುಂಬುವ ಲೋಟ. ಎಸ್‌ಎಲ್‌ಸಿ ಅನ್ನುವ ಹಳೇ ದುಬಾರಿ ನಮೂನೆಯ ಚಿಪ್‌ನಲ್ಲಿ ಲೋಟ ತುಂಬಿದೆಯಾ ಖಾಲಿಯಾ ಅಂತ ಮಾತ್ರ ನೋಡಿದರೆ ಸಾಕು. ಈಗಿನ ಟಿಎಲ್‌ಸಿಯಲ್ಲಿ ಒಂದೇ ಲೋಟದಲ್ಲಿ ಎಂಟು ಮಟ್ಟ ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ಹದಿನಾರು. ಪ್ರತಿ ಸಲ ತುಂಬಿ ಚೆಲ್ಲಿದಾಗ ಲೋಟದ ಗೋಡೆ ಚೂರು ಸವೆಯುತ್ತದೆ, ಸಣ್ಣಗೆ ಸೋರಲು ಶುರುವಾಗುತ್ತದೆ. ಎರಡೇ ಮಟ್ಟ ಇದ್ದರೆ ಸ್ವಲ್ಪ ಸೋರಿದರೂ ತುಂಬಿದ್ದಾ ಖಾಲಿಯಾ ಅಂತ ಗೊತ್ತಾಗುತ್ತದೆ. ಹದಿನಾರು ಮಟ್ಟ ಇದ್ದರೆ ಒಂದು ಗುಟುಕು ಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಎಸ್‌ಎಲ್‌ಸಿ 50,000ದಿಂದ ಲಕ್ಷ ಸಲ ತಡೆದರೆ, ಟಿಎಲ್‌ಸಿ ಸಾಧಾರಣವಾಗಿ 1,000ದಿಂದ 3,000, ಕ್ಯೂಎಲ್‌ಸಿ ಕೆಲವು ನೂರರಿಂದ ಸಾವಿರ. ಓದುವುದರಿಂದ ಸವೆತ ಇಲ್ಲ ಅಂತಲೇ ಹೇಳಬಹುದು. ನೀವು ಮದುವೆ ವಿಡಿಯೋ ನೂರು ಸಲ ಪ್ಲೇ ಮಾಡಿ ನೋಡಿ, ಏನೂ ಆಗುವುದಿಲ್ಲ.

ಇನ್ನೊಂದು ತಾಪತ್ರಯ ಅಳಿಸುವುದರಲ್ಲಿದೆ. ಸ್ಲೇಟಿನ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಅಳಿಸುವಾಗ ಇಡೀ ಸ್ಲೇಟನ್ನೇ ಒರೆಸಬೇಕು ಅನ್ನುವ ನಿಯಮ ಇದ್ದರೆ ಹೇಗಿರುತ್ತದೆ? ಎಸ್‌ಎಸ್‌ಡಿ ಹಾಗೇ. ಸ್ಲೇಟಿನಲ್ಲಿ ಅರ್ಧ ಸಾಲು ಬೇಕು, ಅರ್ಧ ಬೇಡ ಅಂತಾದರೆ ಬೇಕಾದ ಸಾಲುಗಳನ್ನು ಮೊದಲು ಬೇರೆ ಸ್ಲೇಟಿಗೆ ಬರೆದುಕೊಂಡು ಆಮೇಲೆ ಇದನ್ನು ಒರೆಸಬೇಕು. ನೀವು ಒಂದು ಜಿಬಿ ಬರೆದರೆ ಒಳಗೆ ಒಂದೂವರೆಯೋ ಎರಡೋ ಜಿಬಿ ಬರೆದಂತಾಗುತ್ತದೆ. ಖಾಲಿ ಸ್ಲೇಟುಗಳು ಬೇಕಾದಷ್ಟು ಇದ್ದರೆ ಈ ಓಡಾಟ ಕಮ್ಮಿ. 500 ಜಿಬಿಯಲ್ಲಿ 15 ಜಿಬಿ ಮಾತ್ರ ಖಾಲಿ ಇಟ್ಟರೆ ಇದನ್ನೆಲ್ಲ ನಡೆಸುವ ಒಳಗಿನ ಚಿಪ್‌ಗೆ, ಅಂದರೆ ಕಂಟ್ರೋಲರ್‌ಗೆ, ಉಸಿರಾಡಲು ಜಾಗ ಇರುವುದಿಲ್ಲ, ಇದ್ದ ಸಾಲುಗಳನ್ನೇ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎತ್ತಿಡುತ್ತಾ ಕೂರಬೇಕಾಗುತ್ತದೆ. ಒಟ್ಟು ಜಾಗದ ಹದಿನೈದು ಇಪ್ಪತ್ತು ಪರ್ಸೆಂಟ್ ಖಾಲಿ ಬಿಡಿ. ನಿಮಗೆ 75 ಜಿಬಿ ಆದರೂ ಬೇಕು.

ಕಾಪಿ ತೆವಳುವುದಕ್ಕೆ ಕಾರಣವೂ ಇಲ್ಲೇ ಇದೆ, ಅದು ಸವೆತದ ಲಕ್ಷಣ ಅಲ್ಲ. ಎಂಟು ಮಟ್ಟ ನೋಡಿ ನೋಡಿ ತುಂಬುವುದು ನಿಧಾನದ ಕೆಲಸ. ಅದಕ್ಕೆ ಡ್ರೈವ್ ಏನು ಮಾಡುತ್ತದೆ ಅಂದರೆ, ಖಾಲಿ ಇರುವ ಒಂದಷ್ಟು ಲೋಟಗಳನ್ನು ತುಂಬು–ಖಾಲಿ ಲೆಕ್ಕದಲ್ಲಿ ಬಳಸಿ ಬಂದ ಡೇಟಾವನ್ನು ಸರಸರ ಸುರಿದುಕೊಳ್ಳುತ್ತದೆ, ನೀವು ಸುಮ್ಮನಿರುವಾಗ ನಿಧಾನವಾಗಿ ಜೋಡಿಸಿಕೊಳ್ಳುತ್ತದೆ. ಆ ಜಾಗ ತುಂಬಿದ ಕೂಡಲೇ ವೇಗ ಬೀಳುತ್ತದೆ. ಹೆಚ್ಚಿನ ಡ್ರೈವ್‌ಗಳಲ್ಲಿ ಖಾಲಿ ಜಾಗ ಕಮ್ಮಿಯಾದಷ್ಟೂ ಈ ಜಾಗವೂ ಕಮ್ಮಿ. ಹೊಸ ಡ್ರೈವ್ ತಂದು ಅದನ್ನೂ ಹೀಗೆ ಕತ್ತಿನವರೆಗೆ ತುಂಬಿದರೆ ಅದೂ ತೆವಳುತ್ತದೆ.

ಈಗ 212ಕ್ಕೆ ಬರೋಣ.

ಯಾವ ಫೈಲು ಯಾವ ಸ್ಲೇಟಿನ ಎಷ್ಟನೇ ಸಾಲಿನಲ್ಲಿದೆ ಅಂತ ಕಂಟ್ರೋಲರ್ ಒಂದು ಲೆಕ್ಕ ಇಟ್ಟಿರುತ್ತದೆ. ಎಲ್ಲ ಸ್ಲೇಟುಗಳೂ ಸಮವಾಗಿ ಸವೆಯಲಿ ಅಂತ ಅದು ಫೈಲುಗಳನ್ನು ಎತ್ತಿಡುತ್ತಲೇ ಇರುವುದರಿಂದ ಈ ಲೆಕ್ಕ ಗಳಿಗೆಗೊಮ್ಮೆ ಬದಲಾಗುತ್ತದೆ. ಹಳ್ಳಿಯ ಶಾನುಭೋಗರ ಖಾತೆ ಪುಸ್ತಕ ಇದ್ದ ಹಾಗೆ. ಪುಸ್ತಕ ಹೋದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ, ಆದರೆ ಯಾರದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವ್ ಓಡುತ್ತಿರುವಾಗ ಈ ಪುಸ್ತಕದ ಹೊಸ ಪುಟಗಳು ತಾತ್ಕಾಲಿಕ ಮೆಮೊರಿಯಲ್ಲಿ ಇರುತ್ತವೆ. ನೀವು ಸರಿಯಾಗಿ ಶಟ್‌ಡೌನ್ ಮಾಡಿದರೆ ವಿಂಡೋಸ್ ಡ್ರೈವಿಗೆ ಮುಂಚೆಯೇ ಹೇಳುತ್ತದೆ, ಅದು ಪುಸ್ತಕ ಬರೆದು ಮುಚ್ಚಿಟ್ಟು ಮಲಗುತ್ತದೆ. ಕರೆಂಟ್ ಪಟ್ ಅಂತ ಹೋದರೆ ಬರೆಯುತ್ತಿದ್ದ ಕೈ ಹಾಗೇ ನಿಲ್ಲುತ್ತದೆ. ಸರ್ವರ್‌ಗೆ ಹಾಕುವ ದುಬಾರಿ ಡ್ರೈವ್‌ಗಳಲ್ಲಿ ಇದಕ್ಕೆಂದೇ ಕೆಪಾಸಿಟರ್‌ಗಳ ಸಾಲು ಇರುತ್ತದೆ, ಕರೆಂಟ್ ಹೋದ ಮೇಲೂ ಕೆಲಸ ಮುಗಿಸುವಷ್ಟು ಹೊತ್ತು ಜೀವ ಹಿಡಿದಿರುತ್ತದೆ. ನಮ್ಮ ನಿಮ್ಮ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಬಹುತೇಕ ಸಲ ಕಂಟ್ರೋಲರ್ ಹಳೇ ಪುಟ ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಂದೊಂದು ಸಲ ಆಗುವುದಿಲ್ಲ. ಆಗ ಡ್ರೈವ್ ತನ್ನ ಹೆಸರನ್ನೇ ಮರೆತುಬಿಡುತ್ತದೆ, ಬಯೋಸ್‌ನಲ್ಲಿ ಕಂಪನಿ ಹೆಸರಿನ ಬದಲು ‘ಸಾಟಾಫರ್ಮ್ ಎಸ್11’ ಅಂತಲೋ, ಸೊನ್ನೆ ಜಿಬಿ ಅಂತಲೋ ತೋರಿಸುತ್ತದೆ. ರಿಪೇರಿ ಮಾಡುವವರಿಗೆ ಆ ಹೆಸರು ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ನಿಮ್ಮ ಡ್ರೈವ್ 1,140 ಸಲ ಆನ್ ಆಗಿದೆ. ಅದರಲ್ಲಿ 212 ಸಲ ಹೇಳದೆ ಕೇಳದೆ ಆಫ್ ಆಗಿದೆ. ಐದಾರು ಸಲಕ್ಕೊಮ್ಮೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಕಂಪ್ಯೂಟರ್ ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಿಮ್ಮಲ್ಲಿ ಯುಪಿಎಸ್ ಇಲ್ಲವೇ ಇಲ್ಲ, ಇಲ್ಲಾ ಅದರ ಬ್ಯಾಟರಿ ಸತ್ತು ಬಹಳ ದಿನ ಆಗಿದೆ, ಎರಡರಲ್ಲಿ ಒಂದು. ಹೊಸ ಎಸ್‌ಎಸ್‌ಡಿಗೆ ಇಟ್ಟ ದುಡ್ಡಿದ್ದರೆ ಮೊದಲು ಇದಕ್ಕೆ ಹಾಕಿ. 81ರಿಂದ ನಿಮ್ಮ ಡ್ರೈವ್ ಸಾಯುವುದಿಲ್ಲ. ಸತ್ತರೆ 212ರಿಂದ ಅಥವಾ 213ರಿಂದ.

ಸವೆತದಿಂದಲೇ ಸಾಯುವುದು ಎಷ್ಟು ಅಪರೂಪ ಅನ್ನುವುದಕ್ಕೆ ಹಳೇ ಪರೀಕ್ಷೆಯೊಂದಿದೆ. ದಿ ಟೆಕ್ ರಿಪೋರ್ಟ್ ಅನ್ನುವ ತಂಡ 2013ರಲ್ಲಿ ಆರು ಮಾಮೂಲಿ ಡ್ರೈವ್ ತಂದು, ಎಲ್ಲ 240–256 ಜಿಬಿಯವು, ಹಗಲು ರಾತ್ರಿ ಬರೆಯುತ್ತಲೇ ಹೋಯಿತು. 2015ಕ್ಕೆ ಕೊನೆಯದು ಸತ್ತಿತು. ಮೊದಲು ಸತ್ತದ್ದೂ 700 ಟಿಬಿ ಆಸುಪಾಸಿನವರೆಗೆ ಬಂದಿತ್ತು, ಕೊನೆಯದು 2.4 ಪೆಟಾಬೈಟ್, ಅಂದರೆ 2,400 ಟಿಬಿ. ಅವು ಹೆಚ್ಚಿನವು ಹಳೇ ಗಟ್ಟಿ ಕಾಲದ ಚಿಪ್‌ಗಳು, ಇವತ್ತಿನ ಅಗ್ಗದ ಕ್ಯೂಎಲ್‌ಸಿಯಿಂದ ಅಷ್ಟು ನಿರೀಕ್ಷೆ ಮಾಡಬೇಡಿ. ಆದರೆ ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಒಂದು ಡ್ರೈವ್ ಆಯುಸ್ಸು ಮುಗಿದಾಗ ಇನ್ನು ಬರೆಯುವುದಿಲ್ಲ, ಓದಲು ಮಾತ್ರ ಬಿಡುತ್ತೇನೆ ಅಂತ ನಿಂತಿತು. ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಓದಲೂ ಬಿಡಲಿಲ್ಲ. ಹಾಗಾಗಿ ಯಾವತ್ತಾದರೂ ನಿಮ್ಮ ಡ್ರೈವ್ ಹೊಸ ಫೈಲ್ ಸೇವ್ ಮಾಡಲು ಬಿಡದೆ ಹಳೇದನ್ನು ಮಾತ್ರ ತೋರಿಸಿದರೆ ರೀಸ್ಟಾರ್ಟ್ ಮಾಡುವ ಚಟ ಬಿಡಿ. ಕಂಪ್ಯೂಟರ್ ಆಫ್ ಮಾಡದೆ, ಊಟಕ್ಕೂ ಏಳದೆ, ಮೊದಲು ಬೇಕಾದ್ದನ್ನು ಹೊರಗೆ ಕಾಪಿ ಮಾಡಿಕೊಳ್ಳಿ.

ಗೂಗಲ್ ತನ್ನ ಡೇಟಾ ಸೆಂಟರ್‌ಗಳ ಎಸ್‌ಎಸ್‌ಡಿಗಳನ್ನು ಆರು ವರ್ಷ ಗಮನಿಸಿ, ಟೊರಾಂಟೊ ವಿಶ್ವವಿದ್ಯಾಲಯದವರ ಜೊತೆ ಸೇರಿ 2016ರಲ್ಲಿ ಒಂದು ಅಧ್ಯಯನ ಹೊರತಂದಿತು. ಎಷ್ಟು ಬರೆದಿದೆ ಅನ್ನುವುದರ ಜೊತೆಗೆ ಡ್ರೈವಿಗೆ ಎಷ್ಟು ವಯಸ್ಸಾಗಿದೆ ಅನ್ನುವುದೂ ತೊಂದರೆಗೆ ಕಾರಣ ಅಂತ ಅದು ತೋರಿಸಿತು. ಅಂದರೆ ಕಮ್ಮಿ ಬಳಸಿದ್ದೇನೆ, ಹೆಲ್ತ್ 95 ಇದೆ, ಏಳು ವರ್ಷವಾದರೂ ಹೊಸದರ ಹಾಗೇ ಇದೆ ಅನ್ನುವ ಲೆಕ್ಕ ಸರಿಯಲ್ಲ.

ಕೆಲವು ಸಲ ತಪ್ಪು ಡ್ರೈವಿನ ಒಳಗಿನ ಸಾಫ್ಟ್‌ವೇರಿನದು, ಅಂದರೆ ಫರ್ಮ್‌ವೇರ್‌ನದು. 2019ರಲ್ಲಿ ಸರ್ವರ್ ಮಾಡುವ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಡ್ರೈವ್‌ಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಪೂರ್ತಿ ಸಾಯುತ್ತವೆ, ಕೂಡಲೇ ಅಪ್‌ಡೇಟ್ ಮಾಡಿ ಅಂತ ಎಚ್ಚರಿಸಬೇಕಾಯಿತು. ಮೂರು ಮುಕ್ಕಾಲು ವರ್ಷಕ್ಕೆ ಬೀಳುವ ಬಾಂಬು. 2023ರ ಶುರುವಿನಲ್ಲಿ ಸ್ಯಾಮ್‌ಸಂಗ್ 990 ಪ್ರೊ ಕೊಂಡವರು ಹೆಲ್ತ್ ವಾರವಾರಕ್ಕೂ ಜಾರುತ್ತಿದೆ ಅಂತ ದೂರಿದರು, ಕಂಪನಿ ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿತು. ನಿಮ್ಮ ಡ್ರೈವ್ ಕಂಪನಿಯವರ ಸ್ವಂತ ಸಾಫ್ಟ್‌ವೇರ್ ಹಾಕಿ ಅಪ್‌ಡೇಟ್ ಇದೆಯಾ ನೋಡಿ. ಇದ್ದರೆ ಬ್ಯಾಕಪ್ ತೆಗೆದು, ಕರೆಂಟ್ ಹೋಗದ ಹೊತ್ತು ನೋಡಿ ಹಾಕಿ. ಮಳೆ ಬರುವ ಸಂಜೆ ಬೇಡ ಮಾರಾಯ್ರೆ.

ಪೇಜ್ ಫೈಲ್ ಆಫ್ ಮಾಡುವ ಸಲಹೆ ಹತ್ತು ಹದಿನೈದು ವರ್ಷ ಹಳೇದು, 64 ಜಿಬಿ ಎಸ್‌ಎಸ್‌ಡಿಗಳ ಕಾಲದ್ದು. ಆಫ್ ಮಾಡಿದರೆ ನೀವು ಉಳಿಸುವುದು ಚೂರುಪಾರು, ಎಡಿಟಿಂಗ್ ಮಧ್ಯೆ ಮೆಮೊರಿ ಸಾಲದೆ ಸಾಫ್ಟ್‌ವೇರ್ ಮುಚ್ಚಿಕೊಂಡರೆ ಕಳೆಯುವುದು ಅರ್ಧ ದಿನದ ಕೆಲಸ. ಹಾಗೇ ಬಿಡಿ. ವಿಂಡೋಸ್‌ನ ಆಪ್ಟಿಮೈಸ್ ಅನ್ನುವುದನ್ನೂ ಆಫ್ ಮಾಡಬೇಡಿ. ಎಸ್‌ಎಸ್‌ಡಿಗೆ ಅದು ಮುಖ್ಯವಾಗಿ ಮಾಡುವುದು ಟ್ರಿಮ್. ನೀವು ಡಿಲೀಟ್ ಮಾಡಿದ ಫೈಲಿನ ಸಾಲುಗಳು ಇನ್ನು ಬೇಡ ಅಂತ ಕಂಟ್ರೋಲರ್‌ಗೆ ಹೇಳುವ ಕೆಲಸ. ಅದರಿಂದ ಸವೆತ ಕಮ್ಮಿಯೇ ಆಗುತ್ತದೆ. ಫೈಲಿನ ತುಣುಕುಗಳನ್ನು ಒಂದೆಡೆ ಜೋಡಿಸುವ ಬೇರೆ ಕಂಪನಿಗಳ ಡಿಫ್ರಾಗ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಮಾತ್ರ ತೆಗೆದುಹಾಕಿ.

ಆದರೆ ಟ್ರಿಮ್‌ನ ಇನ್ನೊಂದು ಮುಖ ಗೊತ್ತಿರಲಿ. ಹಾರ್ಡ್ ಡಿಸ್ಕ್‌ನಲ್ಲಿ ತಪ್ಪಿ ಡಿಲೀಟ್ ಮಾಡಿದ ಫೈಲನ್ನು ನಾವು ಎಷ್ಟೋ ಸಲ ವಾಪಸ್ ತೆಗೆದುಕೊಟ್ಟಿದ್ದೇವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದಮೇಲೆ ಸಾಮಾನ್ಯವಾಗಿ ಅದು ಹೋದ ಹಾಗೇ. ಡ್ರೈವ್ ಪೂರ್ತಿ ಸತ್ತರೆ ಚಿಪ್ ಬಿಚ್ಚಿ ಓದೋಣ ಅಂದರೆ ಈಗಿನ ಎಷ್ಟೋ ಕಂಟ್ರೋಲರ್‌ಗಳು ಒಳಗಿನ ಡೇಟಾವನ್ನು ತಾವೇ ಬೀಗ ಹಾಕಿ ಬರೆದಿರುತ್ತವೆ, ಬೀಗದ ಕೈ ಸತ್ತ ಕಂಟ್ರೋಲರ್‌ನಲ್ಲೇ ಉಳಿದಿರುತ್ತದೆ. ಒಬ್ಬ ತಂದೆ ಮಗಳ ಮದುವೆಯ ಪೂರ್ತಿ ವಿಡಿಯೋ ಇದ್ದ ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು, ಸ್ಟುಡಿಯೋದವರು ಕೈಯೆತ್ತಿದ ಮೇಲೆ. ಎರಡು ದಿನ ಪ್ರಯತ್ನಪಟ್ಟು, ಆಗಲ್ಲ ಸರ್ ಅಂದೆ. ಅವರು ಏನೂ ಅನ್ನಲಿಲ್ಲ, ಡ್ರೈವನ್ನು ಮತ್ತೆ ಅದೇ ಹಾಗೆ ಸುತ್ತಿಕೊಂಡು ಹೋದರು. ನಿಮ್ಮದೂ ಇದೇ ಕಸುಬು ಅಂತ ಹೇಳಿದೆ ಅಷ್ಟೇ.

ಈಗ ಏನು ಮಾಡಬಹುದು ಅಂತ ನೋಡೋಣ. ಇದ್ದ ಡ್ರೈವನ್ನೇ ಮುಂದುವರಿಸುವುದು ಒಂದು ದಾರಿ. ಯುಪಿಎಸ್ ಹಾಕಿಸಿ, ಜಾಗ ಖಾಲಿ ಮಾಡಿ, ಎರಡು ಹಾರ್ಡ್ ಡಿಸ್ಕ್ ತಂದು ಪ್ರತಿ ಮದುವೆಯನ್ನೂ ಎರಡಕ್ಕೂ ಕಾಪಿ ಮಾಡಿ, ಒಂದನ್ನು ಸ್ಟುಡಿಯೋದಲ್ಲಿ ಇಡದೆ ಮನೆಯಲ್ಲಿಡಿ. ಇದರಲ್ಲಿ ಇರುವ ಅಪಾಯ ಒಂದೇ, ಡ್ರೈವ್ ಅಕಸ್ಮಾತ್ ಸತ್ತರೆ ವಿಂಡೋಸ್ ಮತ್ತೆ ಹಾಕಿ ಎಲ್ಲ ಜೋಡಿಸಲು ಎರಡು ದಿನ ಹೋಗುತ್ತದೆ. ಡೇಟಾ ಹೋಗುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮಾಡುತ್ತಿದ್ದೆ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಎರಡನೇ ಎಸ್‌ಎಸ್‌ಡಿ ಸೇರಿಸಿ, ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ಯಾಶ್ (ತಾತ್ಕಾಲಿಕ ಫೈಲುಗಳು), ಪ್ರಾಕ್ಸಿ (ಎಡಿಟಿಂಗ್‌ಗೆ ಮಾಡಿಕೊಳ್ಳುವ ಹಗುರ ಪ್ರತಿಗಳು), ಈಗ ಕೆಲಸ ನಡೆಯುತ್ತಿರುವ ಫೂಟೇಜ್ ಎಲ್ಲ ಅಲ್ಲಿಗೆ ತಿರುಗಿಸಿ. ನಿಮ್ಮ ದಿನದ 68 ಜಿಬಿಯಲ್ಲಿ ಬಹುಪಾಲು ಇದೇ ಇರುತ್ತದೆ. ಕೊಳ್ಳುವಾಗ ವೇಗದ ಅಂಕಿಗಿಂತ ಟಿಬಿಡಬ್ಲ್ಯೂ ನೋಡಿ. 500 ಜಿಬಿಗೆ 300 ಟಿಬಿ ಕೊಡುವವೂ ಇವೆ, 480 ಜಿಬಿಗೆ 120 ಟಿಬಿ ಮಾತ್ರ ಕೊಡುವವೂ ಇವೆ. ವರ್ಷಕ್ಕೆ 25 ಟಿಬಿ ಬರೆಯುವ ನಿಮಗೆ ಎರಡನೆಯದು ಐದು ವರ್ಷದೊಳಗೆ ಮಿತಿ ಮುಟ್ಟುತ್ತದೆ.

ಅಂಗಡಿಯವರು ಹೇಳಿದ ಹಾಗೆ ಈಗಲೇ ಬದಲಾಯಿಸುವುದೂ ತಪ್ಪೇನಲ್ಲ, ಅಗತ್ಯ ಇಲ್ಲ ಅಷ್ಟೇ. ಆದರೆ ಅದರಲ್ಲೂ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಕ್ಲೋನ್ ಮಾಡುವಾಗ, ಅಂದರೆ ಹಳೇ ಡ್ರೈವನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡುವಾಗ, ಮೂಲ ಯಾವುದು, ಹೊಸದು ಯಾವುದು ಅಂತ ಅದಲುಬದಲಾಗಿ ಖಾಲಿ ಡ್ರೈವನ್ನು ತುಂಬಿದ ಡ್ರೈವಿನ ಮೇಲೆ ಬರೆದವರನ್ನು ನೋಡಿದ್ದೇನೆ. ಕ್ಲೋನಿಗೂ ಮೊದಲು ಬ್ಯಾಕಪ್ ಬೇಕು. ಇನ್ನು ಹೆಲ್ತ್ 100% ಅಂತ ಅಗ್ಗದಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಡ್ರೈವ್ ಕಡೆ ತಿರುಗಿಯೂ ನೋಡಬೇಡಿ. ಕಾರ್ಖಾನೆಯಲ್ಲಿ ಬಳಸುವ ಟೂಲ್ ಕೈಗೆ ಸಿಕ್ಕಿದರೆ ಈ ಎಣಿಕೆಗಳನ್ನೆಲ್ಲ ಸೊನ್ನೆ ಮಾಡಬಹುದು.

ತಿಂಗಳಿಗೊಮ್ಮೆ, ಒಂದನೇ ತಾರೀಖು ಅಂತಿಟ್ಟುಕೊಳ್ಳಿ, ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಿ ಬರೆದಿಡಿ: ಪರ್ಸೆಂಟೇಜ್ ಯೂಸ್ಡ್, ಟೋಟಲ್ ಹೋಸ್ಟ್ ರೈಟ್ಸ್, ಅವೈಲಬಲ್ ಸ್ಪೇರ್, ಮೀಡಿಯಾ ಎರರ್, ಅನ್‌ಸೇಫ್ ಶಟ್‌ಡೌನ್. ಒಂದು ದಿನದ ಅಂಕಿಗಿಂತ ಅದು ಹೇಗೆ ಬದಲಾಗುತ್ತಿದೆ ಅನ್ನುವುದು ಮುಖ್ಯ. ಸ್ಪೇರ್ ನೂರರಿಂದ ಇಳಿಯಲು ಶುರುವಾದರೆ, ಕೆಟ್ಟ ಸ್ಲೇಟುಗಳ ಬದಲಿಗೆ ಇಟ್ಟಿದ್ದ ಮೀಸಲು ಖರ್ಚಾಗುತ್ತಿದೆ ಅಂತ ಅರ್ಥ, ಹೊಸ ಡ್ರೈವ್ ನೋಡಲು ಶುರುಮಾಡಿ. ಮೀಡಿಯಾ ಎರರ್, ಅಂದರೆ ಡೇಟಾ ಸರಿಯಾಗಿ ಸಿಗದೆ ಹೋದ ಸಲಗಳ ಎಣಿಕೆ, ಈಗ ನಿಮ್ಮದು ಸೊನ್ನೆ. ಅದು ಒಂದಾದರೂ ಆಗಿ ಮುಂದಿನ ತಿಂಗಳು ಇನ್ನೂ ಏರಿದರೆ ಹೆಲ್ತ್ ಎಷ್ಟೇ ಇರಲಿ ಆ ಡ್ರೈವಿನಿಂದ ಕೆಲಸ ಎತ್ತಿ. ಬಿಸಿ 61 ಡಿಗ್ರಿ ಅಂತಿದೆ, ಎಡಿಟಿಂಗ್ ನಡೆಯುವಾಗ ಅದು ಮಾಮೂಲಿ.

ಹಳೇ ಸಾಟಾ ಡ್ರೈವ್, ಅಂದರೆ ಕೇಬಲ್‌ನಲ್ಲಿ ಜೋಡಿಸುವ ಹಿಂದಿನ ನಮೂನೆಯದು, ಇರುವವರಿಗೆ ಒಂದು ಮಾತು, ನಿಮ್ಮ ಬೀರುವಿನ ಡ್ರೈವಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಒಂದೊಂದು ಕಂಪನಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪಟ್ಟಿಯ ಒಂದೊಂದು ಸಂಖ್ಯೆಯ ಸಾಲಿನಲ್ಲಿ ಸವೆತ ಹೇಳುತ್ತದೆ. ಸ್ಯಾಮ್‌ಸಂಗ್ 177ರಲ್ಲಿ, ಕ್ರೂಶಿಯಲ್ 202ರಲ್ಲಿ, ಇಂಟೆಲ್ 233ರಲ್ಲಿ, ಇನ್ನು ಕೆಲವರು 231ರಲ್ಲಿ. ಸಂಖ್ಯೆಗಳು ಹದಿನಾರರ ಲೆಕ್ಕದಲ್ಲೇ ಕಾಣಬಹುದು, ಉದಾಹರಣೆಗೆ 177 ಅನ್ನುವುದು ಬಿ1 ಅಂತ ಇರುತ್ತದೆ. 199 ಸಂಖ್ಯೆಯ ಸಾಲು, ಅಂದರೆ ಸಿ7, ಏರುತ್ತಿದ್ದರೆ ಡ್ರೈವಿಗೆ ಬೈಯುವ ಮೊದಲು ಕೇಬಲ್ ಬದಲಾಯಿಸಿ ನೋಡಿ.

ಇನ್ನು ಬೀರುವಿನಲ್ಲಿರುವ ಡ್ರೈವ್. ನಾನು ನಿಮ್ಮ ಪತ್ರದಲ್ಲಿ ಓದಿ ಕುರ್ಚಿಯಿಂದ ಎದ್ದದ್ದು ಈ ಸಾಲಿಗೆ. ಕರೆಂಟ್ ಇಲ್ಲದೆ ಸುಮ್ಮನೆ ಇಟ್ಟ ಲೋಟಗಳು ನಿಧಾನವಾಗಿ ಸೋರುತ್ತವೆ. ಜೆಡೆಕ್ ಅನ್ನುವ ಸಂಸ್ಥೆಯ ನಿಯಮದ ಪ್ರಕಾರ ಮನೆಬಳಕೆಯ ಡ್ರೈವ್, ಬರವಣಿಗೆಯ ಆಯುಸ್ಸು ಪೂರ್ತಿ ಮುಗಿದ ಮೇಲೂ, 30 ಡಿಗ್ರಿ ಬಿಸಿಯಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಹಿಡಿದಿರಬೇಕು. ಸವೆಯದ ಡ್ರೈವ್ ಇದಕ್ಕಿಂತ ಬಹಳ ಜಾಸ್ತಿ ತಡೆಯುತ್ತದೆ. 2015ರಲ್ಲಿ ಈ ನಿಯಮದ ಒಂದು ಪಟ್ಟಿಯನ್ನು ತಪ್ಪಾಗಿ ಓದಿ, ಎಸ್‌ಎಸ್‌ಡಿ ವಾರದಲ್ಲೇ ಎಲ್ಲ ಮರೆತುಬಿಡುತ್ತದೆ ಅಂತ ಜಗತ್ತಿನಾದ್ಯಂತ ಸುದ್ದಿ ಹಬ್ಬಿತ್ತು. ಅದು ಸುಳ್ಳು. ಆದರೆ ಬಿಸಿ ಏರಿದಷ್ಟೂ ಸೋರುವುದು ಜಾಸ್ತಿ, ಸವೆದಷ್ಟೂ ಜಾಸ್ತಿ, ಅದು ನಿಜ. ನಿಮ್ಮ ಹಳೇ ಡ್ರೈವ್ ಎಷ್ಟು ಸವೆದಿತ್ತು ಅಂತ ನೀವು ಬರೆದಿಲ್ಲ, ಬಹುಶಃ ನೋಡಿಯೂ ಇಲ್ಲ ಅಲ್ವಾ?

ನಾಳೆ ಬೆಳಿಗ್ಗೆ, ಕರೆಂಟ್ ಇರುವಾಗ, ಅದನ್ನು ಹಾಕಿ ಎಲ್ಲ ಫೈಲುಗಳನ್ನೂ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಕಾಪಿ ನಿಧಾನವಾದರೆ ನಿಲ್ಲಿಸಬೇಡಿ. ಹಳೇ ಡೇಟಾ ಓದುವಾಗ ಕಂಟ್ರೋಲರ್ ಮಂಕಾದ ಮಟ್ಟಗಳನ್ನು ಮತ್ತೆ ಮತ್ತೆ ನೋಡಿ ತಿದ್ದಿಕೊಂಡು ಓದುತ್ತಿರುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಬರೀ ಕರೆಂಟ್ ಕೊಟ್ಟು ಅರ್ಧ ಗಂಟೆ ಇಟ್ಟು ತೆಗೆದರೆ ಡೇಟಾ ತಾಜಾ ಆಗುತ್ತದೆ ಅನ್ನುವ ಮಾತನ್ನೂ ನಂಬಿ ಕೂರಬೇಡಿ, ಎಲ್ಲ ಡ್ರೈವ್‌ಗಳೂ ಹಾಗೆ ಮಾಡುವುದಿಲ್ಲ. ಕಾಪಿ ಆದಮೇಲೆ ಪ್ರತಿ ಮದುವೆಯದ್ದೂ ಒಂದೆರಡು ಕ್ಲಿಪ್ ತೆರೆದು, ನಡುವಿನಿಂದ ಮತ್ತು ಕೊನೆಯಿಂದ ಓಡಿಸಿ ನೋಡಿ. ಎಲ್ಲ ಸರಿ ಇದ್ದರೆ ಆ 240 ಜಿಬಿ ಡ್ರೈವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಎಡಿಟಿಂಗ್ ಕ್ಯಾಶ್‌ಗೆ ಹಾಕಿಕೊಳ್ಳಿ. ಎರಡನೇ ಎಸ್‌ಎಸ್‌ಡಿಯ ದುಡ್ಡೂ ಸದ್ಯಕ್ಕೆ ಉಳಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಆಗುತ್ತದೆ.